ಹಗುರ ಫೋರ್ಕ್ ಕೊಳ್ಳುವ ಮುನ್ನ

ಬಾದಾಮಿಯ ಮರಳುಗಲ್ಲಿನ ಏರಿಳಿವಿನಲ್ಲಿ ಮೌಂಟನ್ ಬೈಕ್ ಓಡಿಸುವವರು ಮೊದಲು ಬೈಯುವುದು ಮುಂದಿನ ಫೋರ್ಕಿನ ಭಾರವನ್ನೇ. ಅದು ಸರಿ ಕೂಡ. ಅಗ್ಗದ ಸೈಕಲ್‌ಗಳ ಉಕ್ಕಿನ ಸ್ಪ್ರಿಂಗ್ ಫೋರ್ಕ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಗಾಳಿ ತುಂಬುವ ಏರ್ ಫೋರ್ಕ್ ಎರಡು ಕಿಲೋದೊಳಗೆ ಸಿಗುತ್ತದೆ. ಉಳಿಯುವುದು ಅರ್ಧ ಕಿಲೋ ಆಸುಪಾಸು, ಅಷ್ಟೆ. ನಿಜವಾದ ಲಾಭವೆಂದರೆ ನಿಮ್ಮ ಮೈತೂಕಕ್ಕೆ ತಕ್ಕಂತೆ ಗಾಳಿ ಹೊಂದಿಸಬಹುದು. 50 ಕಿಲೋದ ಹುಡುಗನ ಕೆಳಗೆ ಗಟ್ಟಿ ಸ್ಪ್ರಿಂಗ್ ಸರಿಯಾಗಿ ಕುಗ್ಗುವುದೇ ಇಲ್ಲ. ಆದರೆ ಟೈರಿನ ಪಂಪ್ ಏರ್ ಫೋರ್ಕಿಗೆ ನಡೆಯದು. ಅದಕ್ಕೆ ಬೇಕಾದ ಶಾಕ್ ಪಂಪಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಣ ಕೊಡುವ ಮೊದಲು ಹಳೆಯದನ್ನು ಅಳೆಯಿರಿ. ಹ್ಯಾಂಡಲ್ ಕೂರುವ ಕೊಳವೆ ನೇರವೋ, ಕೆಳಗೆ ದಪ್ಪವೋ? ಚಕ್ರ 26, 27.5, 29 ಇಂಚುಗಳಲ್ಲಿ ಯಾವುದು? ಆಕ್ಸಲ್, ಡಿಸ್ಕ್ ಬ್ರೇಕ್ ಕೂರುವ ಜಾಗ ಹೊಂದುತ್ತವೆಯೇ? 100 ಮಿಲಿಮೀಟರ್ ಕುಗ್ಗುವ ಫೋರ್ಕಿದ್ದ ಸೈಕಲ್ಲಿಗೆ 140ರದ್ದು ಹಾಕಿದರೆ ಮೂತಿ ಮೇಲೆದ್ದು ಏರಿನಲ್ಲಿ ಚಕ್ರ ಅಲೆದಾಡುತ್ತದೆ, ಫ್ರೇಮಿಗೂ ಕೇಡು.

ಹುನಗುಂದದ ಕಡೆಯವರಿಗೆ ಇನ್ನೊಂದು ಮಾತು: ಟೈರು, ಫೋರ್ಕಿನ ಕಮಾನಿನ ನಡುವೆ ಜಾಗ ಧಾರಾಳವಾಗಿರಲಿ. ಮಳೆಗಾಲದ ಎರೆಮಣ್ಣು ಅಲ್ಲಿ ಮೆತ್ತಿಕೊಂಡರೆ ಚಕ್ರ ತಿರುಗದು. ಇಳಕಲ್ಲಿನ ಕಲ್ಲುಪುಡಿ ಕಾಲುಗಳ ಸೀಲುಗಳನ್ನು ಸವೆಸುತ್ತದೆ. ಪ್ರತಿ ಸವಾರಿಯ ನಂತರ ಮೆತ್ತನೆ ಬಟ್ಟೆಯಿಂದ ಒರೆಸಿ, ವಾಟರ್ ಸರ್ವಿಸಿನ ಜೋರು ನೀರು ಬಿಡಬೇಡಿ.

ಬಾಗಲಕೋಟೆಯ ಡಾಂಬರಿನಲ್ಲಷ್ಟೇ ಓಡಾಡುವವರಿಗೆ ಸಸ್ಪೆನ್ಶನ್ನೇ ಬೇಡ. ಅದೇ ಎತ್ತರದ ಗಟ್ಟಿ ಫೋರ್ಕ್ ಒಂದು ಕಿಲೋ ಆಸುಪಾಸಿನಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ.