ಇಂದಿನ ಧಮ್ಮ ಚಿಂತನೆ: ಎರಡೂ ಕೈಯಲ್ಲಿ ಕೊಟ್ಟ ಬಟ್ಟಲು




ಹೋದ ವಾರ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಭಾನುವಾರ ಸಂಜೆ ಅವಳು, "ಅಪ್ಪಾ, ಇವತ್ತು ಜಪಾನಿನವರ ನೂಡಲ್ಸ್ ತಿನ್ನೋಣ, ಬಾ" ಎಂದು ಕರೆದುಕೊಂಡು ಹೋದಳು. ನೂಡಲ್ಸ್ ಅಂದರೆ ನನಗೆ ಗೊತ್ತಿದ್ದದ್ದು ಎರಡೇ: ಅಂಗಡಿಯ ಪೊಟ್ಟಣ, ಮನೆಯ ಒತ್ತು ಶಾವಿಗೆ. ಇದಕ್ಕೆ ರಾಮೆನ್ ಅನ್ನುತ್ತಾರಂತೆ. ಮೂಲ ಚೀನಾದವರ ಅಡುಗೆ, ಜಪಾನಿಗೆ ಹೋಗಿ ಅಲ್ಲಿಯದೇ ಆಗಿದೆ.

ಚಿಕ್ಕ ಜಾಗ. ಅಡುಗೆ ಕಟ್ಟೆಯ ಮುಂದೆ ಉದ್ದಕ್ಕೆ ಒಂದು ಹಲಗೆ, ಸಾಲಾಗಿ ಸ್ಟೂಲುಗಳು. ಯಾರು ಬಂದರೂ ಅದೇ ಸಾಲು. ನಾನು ಸೀದಾ ಹೋಗಿ ಕೊನೆಯ ಸ್ಟೂಲಿನ ಹತ್ತಿರ ನಿಂತೆ. "ಅಲ್ಯಾಕೆ ಅಪ್ಪಾ? ಇಲ್ಲಿ ಖಾಲಿ ಇದೆಯಲ್ಲ" ಎಂದು ಮಗಳು ನಡುವಿನ ಜಾಗ ತೋರಿಸಿದಳು. ನಾನ್ಯಾಕೆ ಕೊನೆಗೆ ಹೋದೆ ಎಂದು ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸಂತೆಗೆ ಹೋದರೆ ಚಹಾ ಹೋಟೆಲಿನಲ್ಲಿ ನಮ್ಮ ಲೋಟ ಹೊರಗೆ ಗೋಡೆಯ ಸಂದಿಯಲ್ಲಿ ಇರುತ್ತಿತ್ತು. ನಾವೇ ತೊಳೆದು ಹಿಡಿಯಬೇಕು, ಅವರು ಮೇಲಿನಿಂದ ಹೊಯ್ಯುತ್ತಿದ್ದರು.

ಪಟ್ಟಿಯಲ್ಲಿ ಹಂದಿ ಮೂಳೆಯ ಸಾರು ಮೊದಲೇ ಇತ್ತು. ಮಗಳು ಅದನ್ನೇ ಗಟ್ಟಿಯಾಗಿ ಕೇಳಿದಳು. ನಾನು ಸುತ್ತ ನೋಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಯಾವ ಊಟದ ಹೆಸರು ಹೇಳಿ ನಮ್ಮನ್ನು ಹೊರಗಿಟ್ಟಿದ್ದರೋ ಅದೇ ಊಟಕ್ಕೆ ಅಲ್ಲಿ ಜನ ಕಾಯುತ್ತಿದ್ದರು.

ಅಡುಗೆಯವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ನನ್ನ ಮುಂದಿಟ್ಟ. ಸ್ವಲ್ಪ ಹೊತ್ತು ನನಗೆ ತಿನ್ನಲಾಗಲಿಲ್ಲ. ಕಡ್ಡಿ ಹಿಡಿಯಲು ಬರದೆ ಒದ್ದಾಡುವಾಗ ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗ ಬೆರಳು ಹೇಗಿಡಬೇಕೆಂದು ತೋರಿಸಿದ. ಸೊರ್ರೆಂದು ಎಳೆದು ತಿಂದರೂ ಜಪಾನಿನಲ್ಲಿ ಅದು ಅಸಭ್ಯವಲ್ಲವಂತೆ.

"ಬೌದ್ಧ ದೇಶದ ಪದ್ಧತಿ ನೋಡು, ಎಷ್ಟು ಚೆಂದ" ಎಂದೆ ಮಗಳಿಗೆ. ಆದರೆ ಬಂಧುಗಳೇ, ಆ ಮಾತು ಅರ್ಧ ಮಾತ್ರ ಸತ್ಯ.

ಜಪಾನಿನಲ್ಲೂ ಅಸ್ಪೃಶ್ಯರಿದ್ದರು. ಪ್ರಾಣಿ ಕೊಯ್ಯುವ, ಚರ್ಮ ಹದ ಮಾಡುವ ಕೆಲಸದವರನ್ನು ಬೇರೆ ಕೇರಿಗಳಲ್ಲಿ ಇಟ್ಟಿದ್ದರು. ಇಂದು ಅವರನ್ನು ಬುರಾಕುಮಿನ್ ಎನ್ನುತ್ತಾರೆ. ಶಿಂತೋ ಧರ್ಮದ ಮೈಲಿಗೆಯ ಕಲ್ಪನೆಯ ಜೊತೆಗೆ ಬೌದ್ಧರ ಅಹಿಂಸೆಯ ಮಾತನ್ನೂ ಅದಕ್ಕೆ ನೆಪ ಮಾಡಿಕೊಂಡರು. ಸತ್ತವರಿಗೆ ಇಡುವ ಧರ್ಮನಾಮದಲ್ಲೂ ಕೆಲವು ಬೌದ್ಧ ಮಂದಿರಗಳು ಹೀನ ಅರ್ಥದ ಅಕ್ಷರ ಸೇರಿಸುತ್ತಿದ್ದವು. 1871ರಲ್ಲಿ ಸರ್ಕಾರ ಈ ಭೇದವನ್ನು ಕಾನೂನಿನಿಂದ ತೆಗೆಯಿತು, ಮನಸ್ಸಿನಿಂದ ಹೋಗಲಿಲ್ಲ. ಆಗ ಅವರೇ ಎದ್ದು ನಿಂತರು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಸುಯ್‌ಹೇಶಾ ಎಂಬ ಸಂಘ ಕಟ್ಟಿದರು. 'ಸುಯ್‌ಹೇ' ಎಂದರೆ ಸಮಮಟ್ಟ. ಬರೆಯುವಾಗ ಅದರ ಮೊದಲ ಅಕ್ಷರ 'ನೀರು'. ಐದು ವರ್ಷದ ನಂತರ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದರು.

ಅಂದರೆ ಬೌದ್ಧ ಎಂಬ ಹೆಸರು ಇದ್ದ ಮಾತ್ರಕ್ಕೆ ಸಮತೆ ಬರುವುದಿಲ್ಲ. ಒಂದೇ ಸಾಲಿನಲ್ಲಿ ಉಂಡ ಮಾತ್ರಕ್ಕೂ ಬರುವುದಿಲ್ಲ. ಸಹಭೋಜನದಿಂದಷ್ಟೇ ಜಾತಿ ಸಾಯದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಎಚ್ಚರಿಸಿದ್ದರು. ಬೆಂಗಳೂರಿನ ಆ ಸ್ಟೂಲನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ಪಡೆಯಬಹುದು. ಬಿಲ್ಲು ಇಲ್ಲದ ಕಡೆ, ಮನೆಯೊಳಗೆ, ನಾವು ಯಾರ ಪಕ್ಕ ಕೂರುತ್ತೇವೆ ಎಂಬುದೇ ಪರೀಕ್ಷೆ.

ಆ ಪರೀಕ್ಷೆಯಲ್ಲಿ ನಾನು ಸೋತವನು. ಹೋದ ವರ್ಷ ನಮ್ಮ ಬಳಗದವರೇ ಒಬ್ಬರ ಮನೆಯ ಮದುವೆಗೆ ಹೋಗಿದ್ದೆ. ಅವರೂ ತ್ರಿಶರಣ ಪಡೆದವರು, ಆದರೆ ಬೇರೆ ಕೇರಿಯವರು. "ಬಸ್ಸಿಗೆ ಹೊತ್ತಾಯಿತು" ಎಂದು ಶರಬತ್ತು ಮಾತ್ರ ಕುಡಿದು ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನನ್ನ ಅಪ್ಪನ ಲೋಟವನ್ನು ಗೋಡೆಯ ಸಂದಿಯಲ್ಲಿಟ್ಟವರಿಗೂ ನನಗೂ ಆ ದಿನ ಏನು ವ್ಯತ್ಯಾಸ?

ಭಿಕ್ಖುಗಳ ಧುತಾಂಗಗಳಲ್ಲಿ 'ಸಪದಾನ' ಎಂಬುದೊಂದಿದೆ. ಭಿಕ್ಷೆಗೆ ಹೊರಟರೆ ನಡುವೆ ಯಾವ ಮನೆಯನ್ನೂ ಬಿಡದೆ ಸಾಲಾಗಿ ಹೋಗುವುದು. ದೊಡ್ಡ ಮನೆ, ಬಡ ಮನೆ ಎಂದು ಆರಿಸುವಂತಿಲ್ಲ. ಎಲ್ಲರ ಮನೆಯ ಅನ್ನವೂ ಒಂದೇ ಪಾತ್ರೆಯಲ್ಲಿ ಸೇರುತ್ತದೆ. ಭಗವಾನರು ಕೊನೆಯ ಊಟ ಮಾಡಿದ್ದು ಕಮ್ಮಾರ ಚುಂದನ ಮನೆಯಲ್ಲಿ. ಆ ಊಟದ ನಂತರ ಕಾಯಿಲೆ ಹೆಚ್ಚಾದರೂ, ಚುಂದನ ಮೇಲೆ ಯಾರೂ ದೋಷ ಹೊರಿಸಬಾರದೆಂದು ಆನಂದನಿಗೆ ತಿಳಿಸಿ ಹೋದರು.

ಊರಿಗೆ ಬಂದ ಮೇಲೆ ಆ ಮನೆಗೆ ಫೋನ್ ಮಾಡಿದೆ. "ಈ ಭಾನುವಾರ ಮಧ್ಯಾಹ್ನ ನಿಮ್ಮಲ್ಲಿಗೆ ಊಟಕ್ಕೆ ಬರ್ತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬನ್ನಿ ಅಣ್ಣಾ, ಶಾವಿಗೆ ಒತ್ತಿಸ್ತೀನಿ" ಅಂದರು.

ಇಂದಿನ ಅಭ್ಯಾಸ:
1. ನಾವು ಇದುವರೆಗೆ ನೆಪ ಹೇಳಿ ಉಣ್ಣದೆ ಬಂದ ಮನೆ ಯಾವುದು? ಮನಸ್ಸಿನಲ್ಲೇ ಹೆಸರಿಸೋಣ.
2. ಇವತ್ತು ಯಾರಿಗೆ ನೀರು ಕೊಟ್ಟರೂ ಎರಡೂ ಕೈಯಲ್ಲಿ ಕೊಡೋಣ.
3. ಮಕ್ಕಳಿಗೆ ಆ ಹೊರಗಿನ ಲೋಟದ ಕಥೆ ಹೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.