ಹಿಮದೂರಿನ ಹಳೇ ಮಾಡು

ಮಿನಿಯಾಪೊಲಿಸ್‌ನಲ್ಲಿ ನೂರು ವರ್ಷದ ಮನೆ ಕೊಂಡಿದ್ದೀರಾ? ಸೂರಿನಂಚಿಗೆ ಇಳಿಬಿದ್ದ ಮಂಜುಗಡ್ಡೆಯ ಕೋಲುಗಳು ನೋಡಲು ಚೆಂದ; ಆದರೆ ಬಹುಮಟ್ಟಿಗೆ ಅವು ಮನೆಯ ಬಿಸಿ ಮೇಲಕ್ಕೆ ಸೋರುತ್ತಿರುವುದರ ಗುರುತು. ಬೆಚ್ಚನೆಯ ಗಾಳಿ ಅಟ್ಟಕ್ಕೇರಿ ಮಾಡಿನ ಮೇಲಿನ ಹಿಮವನ್ನು ಕರಗಿಸುತ್ತದೆ. ಆ ನೀರು ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಶಿಂಗಲ್‌ಗಳ ಅಡಿಗೆ ನುಗ್ಗಿ ಗೋಡೆಯೊಳಗೆ ಇಳಿಯುತ್ತದೆ.

ಹಾಗಾಗಿ ಮಾಡು ರಿಪೇರಿಯ ಕಂಟ್ರಾಕ್ಟರ್ ಬಂದಾಗ ಅವರು ಅಟ್ಟ ಹತ್ತಿ ನೋಡುತ್ತಾರೆಯೇ ಗಮನಿಸಿ. ಅಂಗಳದಲ್ಲೇ ನಿಂತು ರೇಟು ಹೇಳುವವರನ್ನು ನಾನಂತೂ ಮತ್ತೆ ಕರೆಯುವುದಿಲ್ಲ. ಗಾಳಿ ಸೋರುವ ಸಂದು, ಇನ್ಸುಲೇಶನ್, ಗಾಳಿಕಿಂಡಿ ಇವನ್ನೆಲ್ಲ ಹಾಗೇ ಬಿಟ್ಟು ಬರೀ ಶಿಂಗಲ್ ಬದಲಿಸಿದರೆ ಮುಂದಿನ ಜನವರಿಗೆ ಅದೇ ಗೋಳು. ನೀರು ಒಳಗಿಳಿಯದಂತೆ ಶಿಂಗಲ್‌ಗಳ ಅಡಿಗೆ, ಅಂಚಿಗೆ ಹಾಕುವ ಐಸ್ ಶೀಲ್ಡ್ ಪದರ ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಕ್ಕೆ ಬರಬೇಕು; ಕರಾರಿನಲ್ಲೇ ಬರೆಸಿ. ಹಳೇ ಪದರದ ಮೇಲೇ ಹೊಸದು ಹೊದಿಸುತ್ತೇವೆಂದರೆ ಒಪ್ಪಬೇಡಿ, ಅಡಿಯ ಹಲಗೆ ಕೊಳೆತದ್ದು ಕಾಣುವುದೇ ಇಲ್ಲ. ಹಲಗೆ ಬದಲಿಸಬೇಕಾಗಿ ಬಂದರೆ ಎಷ್ಟಾಗುತ್ತದೆಂದು ಮೊದಲೇ ಕೇಳಿ.

ರಾಜ್ಯದ ಲೈಸೆನ್ಸು, ವಿಮೆ ಎರಡನ್ನೂ ನೋಡಿ. ಆಲಿಕಲ್ಲು ಬಿದ್ದ ಮರುದಿನವೇ ಬಾಗಿಲು ತಟ್ಟಿ, ‘ನಿಮ್ಮ ಮನೆ ವಿಮೆಯ ಡಿಡಕ್ಟಿಬಲ್ ನಾವೇ ಕಟ್ಟಿಕೊಳ್ಳುತ್ತೇವೆ’ ಎನ್ನುವವರಿಗೆ ಸಹಿ ಹಾಕಿಕೊಡಬೇಡಿ. ಮಿನ್ನೆಸೋಟದಲ್ಲಿ ಕಂಟ್ರಾಕ್ಟರ್ ಹಾಗೆ ಹೇಳುವುದು ಕಾನೂನಿಗೆ ವಿರುದ್ಧ.