ಯೋಜನೆಯ ಪಾಠ ಮತ್ತು ಒಂದು ಅರ್ಧ ಕೌದಿ



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ನಾಲ್ಕನೇ ಅಧ್ಯಾಯ 'ಯೋಜನೆ'. ಅದನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತ ಬಂದಿದ್ದೇನೆ. ಯೋಜನೆಯ ಏಳು ಹಂತಗಳನ್ನು ಪುಸ್ತಕ ನೋಡದೆ ಹೇಳಬಲ್ಲೆ. ಕಳೆದ ವರ್ಷ ಜುಲೈನಲ್ಲಿ ಈ ಪಾಠ ಮುಗಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಇದೆಲ್ಲಾ ಕಂಪನಿಗೆ ಅಷ್ಟ ಏನ್ರಿ? ನೀವು ನಿಮ್ಮ ಮನ್ಯಾಗ ಹೀಂಗ ಪ್ಲಾನ್ ಮಾಡಿ ಏನರ ಮಾಡೀರೇನು?"

ತರಗತಿಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ಆದರೆ ಉತ್ತರ ಇರಲಿಲ್ಲ. ಆ ಸಂಜೆ ಮನೆಗೆ ಹೋದಾಗ ನನಗೆ ನೆನಪಾದದ್ದು ಟ್ರಂಕಿನಲ್ಲಿದ್ದ ಅರ್ಧ ಕೌದಿ.

ಆಸೆಗೂ ಗುರಿಗೂ ಇರುವ ವ್ಯತ್ಯಾಸ

ಕೌದಿ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಹಳೆಯ ಸೀರೆ, ಲುಂಗಿ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಕೈಯಿಂದ ಹೊಲಿಯುವ ಹೊದಿಕೆ ಅದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳಂತೂ ಇಂದು ಕಲಾ ಪ್ರದರ್ಶನಗಳಲ್ಲಿ ಕಾಣಸಿಗುತ್ತವೆ. ನನ್ನ ದಾದಿ ಪ್ರದರ್ಶನಕ್ಕೆಂದು ಹೊಲಿದವರಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ಒಂದು ಕೌದಿ, ಮದುವೆಯಾದರೆ ಒಂದು ಕೌದಿ. ನಾನು ಪಿಯುಸಿ ಓದುವಾಗಿನಿಂದಲೂ "ದಾದಿ, ನನಗೂ ಒಮ್ಮೆ ಕಲಿಸಿ" ಎನ್ನುತ್ತಿದ್ದೆ. "ರಜಾ ಸಿಕ್ಕಾಗ ಬಾ ಬೇಟಿ, ಸೂಜಿ ಎಲ್ಲೂ ಓಡಿ ಹೋಗೋದಿಲ್ಲ" ಎನ್ನುತ್ತಿದ್ದರು.

ರಜೆಗಳು ಬಂದವು, ಹೋದವು. ಪದವಿ, ಬಿ.ಇಡಿ, ನೌಕರಿ, ಮೌಲ್ಯಮಾಪನ. ಸೂಜಿ ಓಡಿ ಹೋಗಲಿಲ್ಲ, ದಾದಿ ಹೋದರು. ಅವರು ಕೊನೆಯದಾಗಿ ಹೊಲಿಯುತ್ತಿದ್ದ ಕೌದಿ ಅರ್ಧಕ್ಕೇ ನಿಂತಿತು. ಸೂಜಿಯನ್ನು ಚುಚ್ಚಿಟ್ಟ ಜಾಗದಲ್ಲಿ ತುಕ್ಕಿನ ಸಣ್ಣ ಕಲೆ ಉಳಿದಿದೆ.

ನಮ್ಮ ಪಾಠಪುಸ್ತಕ ಏನು ಹೇಳುತ್ತದೆ? ಉದ್ದೇಶ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಬರವಣಿಗೆಯಲ್ಲಿರಬೇಕು, ಅದಕ್ಕೊಂದು ಕಾಲಮಿತಿ ಇರಬೇಕು. "ಒಮ್ಮೆ ಕಲಿಯಬೇಕು" ಎಂಬ ನನ್ನ ಮಾತಿನಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಅದು ಆಸೆಯಾಗಿತ್ತು, ಗುರಿಯಾಗಿರಲಿಲ್ಲ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಹದೀಸನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ನಿಯ್ಯತ್ತು ಇದ್ದರೆ ಸಾಕೆಂದು ನಾನು ಕುಳಿತುಬಿಟ್ಟಿದ್ದೆ. ನಿಯ್ಯತ್ತಿನ ಹಿಂದೆಯೇ ಕರ್ಮವೂ ಬರಬೇಕು ಎಂಬುದನ್ನು ಮರೆತಿದ್ದೆ.

ನಾನು ಮಾಡಿದ ಯೋಜನೆ

ಆ ರಾತ್ರಿ ಒಂದು ಹಾಳೆಯಲ್ಲಿ ಬರೆದೆ. ಪಾಠದ ಹಂತಗಳ ಪ್ರಕಾರವೇ ಬರೆದೆ.

ಉದ್ದೇಶ: ದಾದಿಯ ಕೌದಿಯಲ್ಲಿ ಬಾಕಿ ಇರುವ 36 ಸಾಲು ಹೊಲಿಗೆಯನ್ನು ಅಮ್ಮಿಯ ಜೊತೆ ಕೂತು ಮುಗಿಸುವುದು. ವಾರಕ್ಕೆ 3 ಸಾಲು, 12 ಭಾನುವಾರ, ಅಸರ್ ನಮಾಜಿನ ನಂತರ ಒಂದು ಗಂಟೆ. ದಸರಾ ರಜೆಯೊಳಗೆ ಪೂರ್ಣ.

ಪೂರ್ವಕಲ್ಪನೆಗಳು: ಅಮ್ಮಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಹಗಲಿನ ಬೆಳಕಿನಲ್ಲೇ ಹೊಲಿಯಬೇಕು. ನನಗೆ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಹೊರೆ ಇರುತ್ತದೆ.

ಪರ್ಯಾಯಗಳು: ಒಂದು, ಟೈಲರಿಗೆ ಕೊಟ್ಟು ಮಷಿನ್ ಹೊಲಿಗೆ ಹಾಕಿಸುವುದು. ಎರಡು, ಅಮ್ಮಿ ಹೊಲಿಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟು ಆಮೇಲೆ ಕಲಿಯುವುದು. ಮೂರು, ನಾನೇ ಪಕ್ಕದಲ್ಲಿ ಕೂತು ಹೊಲಿಯುವುದು. ಮೊದಲನೆಯದರಲ್ಲಿ ಕೌದಿ ಮುಗಿಯುತ್ತದೆ, ನಾನು ಕಲಿಯುವುದಿಲ್ಲ. ಎರಡನೆಯದರಲ್ಲಿ ಮತ್ತೆ ಅದೇ 'ಆಮೇಲೆ'. ಮೂರನೆಯದನ್ನು ಆರಿಸಿಕೊಂಡೆ.

ನಿಯಮ: ಆ ಒಂದು ಗಂಟೆ ಮೊಬೈಲ್ ಕಪಾಟಿನಲ್ಲಿ.

ಲೆಕ್ಕ ತಪ್ಪಿತು

ಇನ್ನು ಅನುಸರಣೆ. ದಸರಾ ರಜೆ ಮುಗಿದಾಗ ಲೆಕ್ಕ ಹಾಕಿದೆ. 12 ಭಾನುವಾರಗಳಲ್ಲಿ ಕೂತದ್ದು 9. ಒಂದು ವಾರ ಉತ್ತರ ಪತ್ರಿಕೆ, ಒಂದು ವಾರ ಸಂಬಂಧಿಕರ ಮದುವೆ, ಒಂದು ವಾರ ಅಮ್ಮಿಗೆ ಜ್ವರ. ಮುಗಿದ ಸಾಲು 23, ಕೊರತೆ 13. ಇದನ್ನು ನಿಯಂತ್ರಣದ ಅಧ್ಯಾಯದಲ್ಲಿ 'ವಿಚಲನೆ' ಎನ್ನುತ್ತೇವೆ. ಕಾರಣ ಹುಡುಕಬೇಕು, ಸರಿಪಡಿಸಬೇಕು, ಆಗದಿದ್ದರೆ ಮಾನದಂಡವನ್ನೇ ಪರಿಷ್ಕರಿಸಬೇಕು.

ಕಾರಣ ಹುಡುಕಿದೆ. ಮೊದಲ ವಾರಗಳಲ್ಲಿ ನನ್ನ ಹೊಲಿಗೆ ಸೊಟ್ಟಗಿತ್ತು. ಅಮ್ಮಿ ಏನೂ ಹೇಳದೆ ಬಿಚ್ಚಿ, ಮತ್ತೆ ನನ್ನ ಕೈಗೇ ಕೊಡುತ್ತಿದ್ದರು. ಆದರೆ ದೊಡ್ಡ ಕಾರಣ ಬೇರೆ. ಸೂಜಿ ಒಂದು ಹೊಸ ತುಂಡಿಗೆ ಬಂದಾಗಲೆಲ್ಲ ಅಮ್ಮಿಯ ಕೈ ನಿಲ್ಲುತ್ತಿತ್ತು. "ಇದು ನಿನ್ನ ಅಬ್ಬಾ ಮೊದಲ ಸಂಬಳದಾಗ ತಂದ ಸೀರಿ." "ಇದು ನಿನ್ನ ದಾದಾನ ಲುಂಗಿ, ಬಾವಿ ತೋಡುವಾಗ ಹರಿದದ್ದು." ನಮ್ಮ ದಾದಾ ಬಾವಿ ತೋಡಿದ್ದು ನನಗೆ ಗೊತ್ತೇ ಇರಲಿಲ್ಲ. ಎರಡನೇ ವಾರದಿಂದ ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ಅದು ಯಾರದು, ಏನು ಕಥೆ ಎಂದು ಬರೆಯತೊಡಗಿದೆ.

ನಾನು ಅಳೆಯಲು ಇಟ್ಟುಕೊಂಡದ್ದು ಸಾಲುಗಳನ್ನು. ಸಿಗುತ್ತಿದ್ದದ್ದು ನಮ್ಮ ಮನೆತನದ ಚರಿತ್ರೆ. ಹಾಗಾಗಿ ಕಾಲಮಿತಿಯನ್ನು ಡಿಸೆಂಬರಿಗೆ ವಿಸ್ತರಿಸಿದೆ. ಗುರಿಯನ್ನು ಮಾತ್ರ ಬಿಡಲಿಲ್ಲ. ಡಿಸೆಂಬರಿನ ಒಂದು ಭಾನುವಾರ ಕೊನೆಯ ಸಾಲು ಮುಗಿಯಿತು. ಕೊನೆಯ ತೇಪೆ ಮುಚ್ಚುವ ಮೊದಲು, ದಾದಿ ಮಾಡುತ್ತಿದ್ದಂತೆ, ಅಮ್ಮಿ ಒಣಗಿದ ರೊಟ್ಟಿಯ ಚೂರೊಂದನ್ನು ಒಳಗಿಟ್ಟರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಕೌದಿಯಲ್ಲಿ ಒಟ್ಟು 31 ತುಂಡುಗಳಿವೆ. ನೋಟ್‌ಬುಕ್ಕಿನಲ್ಲಿ 26ಕ್ಕೆ ಹೆಸರಿದೆ. ಉಳಿದ 5 ತುಂಡುಗಳು ಯಾರವು ಎಂದು ಅಮ್ಮಿಗೂ ಗೊತ್ತಿಲ್ಲ. ಅದು ಗೊತ್ತಿದ್ದದ್ದು ದಾದಿಗೆ ಮಾತ್ರ. ಆ ಐದು ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ. ತಡ ಮಾಡಿದ್ದಕ್ಕೆ ನಾನು ತೆತ್ತ ಬೆಲೆ ಅದು.

"ಸಮಯ ಎಲ್ಲಿದೆ ಮೇಡಂ?"

ಪರೀಕ್ಷೆ, ಟ್ಯೂಷನ್, ನೀಟ್, ಸಿಇಟಿ. ನಿಮ್ಮ ಒತ್ತಡ ನನಗೆ ಗೊತ್ತು. ಆದರೆ ವಾರದಲ್ಲಿ 168 ಗಂಟೆಗಳಿವೆ. ನಾನು ಕೇಳುತ್ತಿರುವುದು ಒಂದು ಗಂಟೆ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕೆಲಸ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಬಂಧುತ್ವವನ್ನು ಬೆಸೆಯುವುದು, ಅಂದರೆ ಸಿಲಾ ರಹಮಿ, ನಮ್ಮ ಮೇಲಿನ ಹೊಣೆಯೂ ಹೌದು.

ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಿ. ವಕೀಲಿ ವೃತ್ತಿ, ಮನೆ, ಹೋರಾಟಗಳ ನಡುವೆ ಅವರು ಕಥೆ ಬರೆದರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದರಲ್ಲಿರುವ 12 ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ಪೂರ್ತಿ ಬಿಡುವು ಸಿಕ್ಕಿದ ಮೇಲೆ ಬರೆಯೋಣ ಎಂದು ಕಾಯ್ದಿದ್ದರೆ ಆ ಕಥೆಗಳು ನಮಗೆ ಸಿಗುತ್ತಿರಲಿಲ್ಲ.

ಮಾಡಿ ನೋಡಿ

ಈ ವಾರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ನಿಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಬರುವ ವಿದ್ಯೆ ಯಾವುದು? ಅಡುಗೆ, ಹಾಡು, ಕಸೂತಿ, ಖತಾತಿ, ಬಡಗಿ ಕೆಲಸ, ಯಾವುದೂ ಆಗಬಹುದು.
2. ಅವರ ಜೊತೆ ನೀವು ಯಾವ ವಾರ, ಎಷ್ಟು ಹೊತ್ತಿಗೆ ಕೂರುತ್ತೀರಿ?
3. ಎಷ್ಟು ಮುಗಿದರೆ ಮುಗಿಯಿತು ಎನ್ನುತ್ತೀರಿ? ಸಂಖ್ಯೆಯಲ್ಲಿ ಬರೆಯಿರಿ.
4. ಅಡ್ಡಿ ಬರಬಹುದಾದದ್ದು ಏನು?
5. ಲೆಕ್ಕ ನೋಡುವ ದಿನ ಯಾವುದು?

ಹಾಸ್ಟೆಲಿನಲ್ಲಿರುವವರು ವಾರಕ್ಕೊಮ್ಮೆ ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆದಿಡಿ. ಮನೆಯ ಹಳೆಯ ಫೋಟೋಗಳ ಹಿಂದೆ ಹೆಸರು ಮತ್ತು ಇಸವಿ ಬರೆಸುವುದೂ ಒಳ್ಳೆಯ ಗುರಿಯೇ. ಹುಡುಗರೇ, ಇದು ಹುಡುಗಿಯರಿಗೆ ಮಾತ್ರ ಹೇಳಿದ ಪಾಠವಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಇದೇ ನನ್ನ ಉತ್ತರ: ಮಾಡಿದ್ದೇನಮ್ಮ, ತಡವಾಗಿ. ನೀನು ತಡ ಮಾಡಬೇಡ.